‘ನಾವು ಗೆದ್ದೆವು’ ಎಂಬ ಮಾತು

‘ನಾನು’ ಎಂಬ ಪದವನ್ನು ಕುರಿತು ನಮ್ಮ ದರ್ಶನಗಳು ಎಷ್ಟು ವಿಚಾರ ಮಾಡಿವೆಯೆಂಬುದು ಮಠದಲ್ಲಿ ಓದಿ ಹೋದವರಿಗೆಲ್ಲ ತಿಳಿದ ಸಂಗತಿ. ‘ನಾವು’ ಎಂಬ ಪದಕ್ಕೆ ಅಷ್ಟು ಭಾಗ್ಯ ದೊರೆತಂತೆ ಕಾಣುವುದಿಲ್ಲ. ಈ ಸಂಚಿಕೆಯಲ್ಲಿ ಸದ್ಭಕ್ತರ ಮುಂದೆ ಇಡಬಯಸುವ ಪ್ರಶ್ನೆ ಆ ಪದವನ್ನು ಕುರಿತದ್ದು. ಪ್ರಶ್ನೆ ಹುಟ್ಟಿದುದು ಮಾತ್ರ ಯಾವ ಶಾಸ್ತ್ರಗ್ರಂಥದಿಂದಲೂ ಅಲ್ಲ, ಫುಟ್‌ಬಾಲ್ ಆಟದಿಂದ. ಮಠದ ಪತ್ರಿಕೆಯಲ್ಲಿ ಫುಟ್‌ಬಾಲೇ ಎಂದು ಹಿರಿಯ ಓದುಗರು ಹುಬ್ಬೇರಿಸಬಾರದು. ನಮ್ಮ ಮನೆಗಳ ಮಕ್ಕಳ ಮನಸ್ಸು ಎಲ್ಲಿ ನೆಲೆಗೊಂಡಿದೆಯೋ ಅಲ್ಲಿಗೆ ಹೋಗಿ ವಿಚಾರಿಸಬೇಕಾದುದು ಮಠಗಳ ಕೆಲಸವೇ ಆಗಿದೆ.

2022ರ ಡಿಸೆಂಬರ್ 18ರ ರಾತ್ರಿ ಕತಾರ್ ದೇಶದ ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ ತಂಡಗಳು ವಿಶ್ವಕಪ್ಪಿಗಾಗಿ ಸೆಣಸಿದವು. ಹೆಚ್ಚಿನ ಅವಧಿಯೂ ಮುಗಿದಾಗ ಇಬ್ಬರದೂ ಮೂರು ಮೂರು ಗೋಲು. ಕಡೆಗೆ ಪೆನಾಲ್ಟಿ ಒದೆತಗಳಲ್ಲಿ 4-2ರಿಂದ ಅರ್ಜೆಂಟೀನಾ ಗೆದ್ದಿತು. 1986ರ ಅನಂತರ ಆ ದೇಶಕ್ಕೆ ಅದೇ ಮೊದಲ ವಿಶ್ವಕಪ್ಪು. ಆ ರಾತ್ರಿ ನಮ್ಮ ನಾಡಿನ ಎಷ್ಟೋ ಯುವಕರ ಬಾಯಲ್ಲಿ ಬಂದ ಮಾತು ಒಂದೇ: ‘ನಾವು ಗೆದ್ದೆವು!’ ಅರ್ಜೆಂಟೀನಾ ಭೂಗೋಲದ ಆಚೆ ಬದಿಯಲ್ಲಿರುವ ನಾಡು. ಅಲ್ಲಿಯ ಭಾಷೆಯ ಒಂದು ಪದ ಈ ಯುವಕರಿಗೆ ಬಾರದು, ಇವರು ಇದ್ದಾರೆಂಬ ಸಂಗತಿ ಅಲ್ಲಿಯವರಿಗೆ ತಿಳಿಯದು. ಹಾಗಿರುವಲ್ಲಿ ಈ ‘ನಾವು’ ಯಾರು? ಅದು ಸುಳ್ಳೇ, ಭ್ರಾಂತಿಯೇ, ಅಥವಾ ಒಂದು ಬಗೆಯ ನಿಜವೇ?

2025ರ ಶ್ರಾವಣ ಮಾಸದಲ್ಲಿ ಹರಿಹರ ತಾಲ್ಲೂಕಿನ ಭಾನುವಳ್ಳಿಯ ಭಕ್ತರೊಬ್ಬರು ಮಗನನ್ನು ಕರೆದುಕೊಂಡು ದರ್ಶನಕ್ಕೆ ಬಂದಿದ್ದರು. ಭತ್ತದ ಗದ್ದೆಯ ಒಕ್ಕಲುತನದವರು. ಮಗ ಪದವಿ ತರಗತಿಯ ವಿದ್ಯಾರ್ಥಿ. ತಂದೆಯವರು ಪಾದಕ್ಕೆರಗಿ ಕುಳಿತೊಡನೆ ದೂರನ್ನೇ ತೆಗೆದರು. “ಬುದ್ಧೀ, ತಾವಾದ್ರೂ ಇವನಿಗೊಂದು ಮಾತು ಹೇಳ್ಬೇಕು. ಮಧ್ಯರಾತ್ರಿ ಎದ್ದು ಮೊಬೈಲ್ ಹಿಡ್ಕಂಡು ಕುಂತಿರ್ತಾನೆ. ಯಾವ್ದೋ ದೇಶದೋರು ಸೋತ್ರೆ ಇವ್ನು ಊಟ ಬಿಡ್ತಾನೆ. ಅವ್ರು ಗೆದ್ರೆ ಇವ್ನಿಗೇನು ಬಂತು?”

ಹುಡುಗ ತಲೆ ತಗ್ಗಿಸಿಕೊಂಡೇ ಉತ್ತರ ಕೊಟ್ಟ. “ಭದ್ರಾ ಡ್ಯಾಮು 186 ಅಡಿ ತುಂಬ್ತು ಅಂತ ಪೇಪರ್ ನೋಡಿ ನಮ್ಮಪ್ಪ ಖುಷಿ ಪಡ್ತಾರೆ ಬುದ್ಧೀ.”

“ಅದು ನಮ್ಮ ಗದ್ದೆಗೆ ಬರೋ ನೀರಪ್ಪ” ಎಂದರು ತಂದೆ.

“ಕೊನೇ ಭಾಗಕ್ಕೆ ಎಲ್ಲಿ ಬರುತ್ತೆ?” ಎಂದ ಮಗ.

ನಾಲೆಯ ಕೊನೆಯಂಚಿನ ರೈತರ ಪಾಡನ್ನು ಬಲ್ಲವರಿಗೆ ಈ ಮಾತಿನಲ್ಲಿರುವ ಚುಚ್ಚು ತಿಳಿಯುತ್ತದೆ. ತಂದೆಯವರೇ ನಕ್ಕುಬಿಟ್ಟರು. ಅನಂತರ ನಾವು ಹುಡುಗನನ್ನು ಕೆದಕಿ ಕೇಳಿದಾಗ ಅವನ ಲೋಕವೆಲ್ಲ ತೆರೆದುಕೊಂಡಿತು. ದೇಶಗಳಲ್ಲಿ ಅರ್ಜೆಂಟೀನಾ, ಯೂರೋಪಿನಲ್ಲಿ ಬಾರ್ಸಿಲೋನಾ, ನಮ್ಮಲ್ಲಿ ಬೆಂಗಳೂರು ಎಫ್.ಸಿ. ದಾವಣಗೆರೆಯಲ್ಲಿ ಕೊಂಡ ಹತ್ತನೆಯ ಸಂಖ್ಯೆಯ ಒಂದು ಅಂಗಿ ಅವನಲ್ಲಿದೆ. ಅಸಲಿಯದಲ್ಲವೆಂದು ಅವನಿಗೂ ಗೊತ್ತು, ಆದರೂ ಅಕ್ಷರ ಕಿತ್ತುಹೋದೀತೆಂದು ಅದನ್ನು ತಾಯಿಯ ಕೈಗೆ ಕೊಡದೆ ತಾನೇ ಒಗೆಯುತ್ತಾನೆ. ಅದೇ ಬೀದಿಯ ಗೆಳೆಯನೊಬ್ಬ ರಿಯಲ್ ಮ್ಯಾಡ್ರಿಡ್ ತಂಡದವನಾಗಿ, ಇವರಿಬ್ಬರಿಗೆ ವಾರಗಟ್ಟಲೆ ಮಾತು ನಿಂತುಹೋಗುವುದುಂಟು. ಆಗಿನ ದೊಡ್ಡ ಚಿಂತೆ ಬೇರೆಯದಾಗಿತ್ತು. 2025ರ ಜುಲೈಯಲ್ಲಿ ಇಂಡಿಯನ್ ಸೂಪರ್ ಲೀಗಿನ ಸಂಘಟಕರು, ಫೆಡರೇಶನ್ನಿನೊಂದಿಗಿನ ಒಪ್ಪಂದ ನವೀಕರಣವಾಗದ ಕಾರಣ, ಮುಂದಿನ ಋತುವನ್ನು ತಡೆಹಿಡಿದಿರುವುದಾಗಿ ಪ್ರಕಟಿಸಿದ್ದರು. ಆಗಸ್ಟ್ ಮೊದಲಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ ಸಂಬಳವನ್ನೇ ತಡೆದಿತ್ತು. “ಕ್ಲಬ್ಬೇ ಮುಚ್ಚಿಹೋದ್ರೆ ಏನ್ಮಾಡೋದು ಬುದ್ಧೀ?” ಎಂದು ಆ ಹುಡುಗ ಕೇಳಿದ ರೀತಿಯಲ್ಲಿ ಮನೆಯ ಹಿರಿಯರ ಕಾಯಿಲೆಯನ್ನು ಕುರಿತು ಕೇಳುವವರ ದನಿಯಿತ್ತು. ಇಂಥ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸುಲಭ. ಹಾಗೆ ತಳ್ಳಿಹಾಕುವವರು ಆ ಹುಡುಗನ ಮನಸ್ಸಿನ ಬಾಗಿಲನ್ನು ತಾವೇ ಮುಚ್ಚಿದಂತಾಗುತ್ತದೆ.

ತಂದೆಯವರ ಪ್ರಶ್ನೆಯನ್ನೇ ಮೊದಲು ವಿಚಾರಿಸೋಣ. ಅವರು ಗೆದ್ದರೆ ಇವನಿಗೇನು? ಇದರ ಹಿಂದೆ ಕಾಯಕದ ತತ್ತ್ವವಿದೆಯೆಂಬುದನ್ನು ಮರೆಯಲಾಗದು. ದುಡಿಯದೆ ಉಣ್ಣಲಾಗದೆಂಬುದು ಶರಣರ ಕಟ್ಟಳೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಹೆಚ್ಚಾದುದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆಯನ್ನು ನಾವೆಲ್ಲ ಬಲ್ಲೆವು. ತನ್ನ ಶ್ರಮಕ್ಕೂ ಅಗತ್ಯಕ್ಕೂ ಮೀರಿದುದನ್ನು ಮನೆಯೊಳಗೆ ಬಿಟ್ಟುಕೊಳ್ಳದ ಆ ತಾಯಿಯ ಮುಂದೆ ನಮ್ಮ ಹುಡುಗನನ್ನು ನಿಲ್ಲಿಸಿದರೆ ಏನಾದೀತು? ಓಡಿದವನು ಮೆಸ್ಸಿ, ಬೆವರಿದವನು ಮೆಸ್ಸಿ, ಎಳವೆಯಲ್ಲಿ ಬೆಳವಣಿಗೆಯ ಹಾರ್ಮೋನಿನ ಕೊರತೆಗಾಗಿ ಚುಚ್ಚುಮದ್ದು ತೆಗೆದುಕೊಂಡು, ಹದಿಮೂರನೆಯ ವಯಸ್ಸಿಗೆ ಊರು ಬಿಟ್ಟು ಸ್ಪೇನಿಗೆ ಹೋದವನೂ ಅವನೇ. ಹಾಸಿಗೆಯ ಮೇಲೆ ಕುಳಿತು ನೋಡಿದವನಿಗೆ ಆ ಗೆಲುವಿನಲ್ಲಿ ಪಾಲೆಲ್ಲಿಯದು?

ಈ ವಾದ ಬಲವಾದುದು; ಆದರೆ ಒಂದು ಕಡೆ ಅದು ಸಡಿಲವಾಗುತ್ತದೆ. ಅಕ್ಕಿ ಹಂಚಿದಷ್ಟೂ ಕಡಿಮೆಯಾಗುವ ವಸ್ತು. ಮಾರಯ್ಯನು ಹೆಚ್ಚು ಆಯ್ದುಕೊಂಡರೆ ಮತ್ತೊಬ್ಬನ ಪಾಲು ಕುಗ್ಗುತ್ತದೆ. ಭಾನುವಳ್ಳಿಯ ಹುಡುಗ ಸಂತೋಷಪಟ್ಟುದರಿಂದ ಮೆಸ್ಸಿಯ ಸಂತೋಷದಲ್ಲಿ ಒಂದು ಕಾಳೂ ಕಡಿಮೆಯಾಗಲಿಲ್ಲ. ಮತ್ತೊಬ್ಬರ ಏಳಿಗೆಯನ್ನು ಕಂಡು ಹಿಗ್ಗುವುದಕ್ಕೆ ನಮ್ಮ ಹಿರಿಯರು ಮುದಿತೆ ಎಂದು ಹೆಸರಿಟ್ಟು ಅದನ್ನು ಚಿತ್ತಶುದ್ಧಿಯ ಸಾಧನಗಳಲ್ಲಿ ಸೇರಿಸಿದ್ದಾರೆ. ಪಕ್ಕದ ಹೊಲದವನ ಬೆಳೆ ಚೆನ್ನಾಗಿ ಬಂದರೆ ಹೊಟ್ಟೆಯುರಿಯುವ ಕಾಲದಲ್ಲಿ, ಗುರುತಿಲ್ಲದವನೊಬ್ಬನ ಗೆಲುವಿಗೆ ಕಣ್ಣೀರು ಸುರಿಸಿ ಹಿಗ್ಗುವ ಹುಡುಗನನ್ನು ನಾವು ಸುಮ್ಮನೆ ಬೈಯಲಾಗದು. ಇಷ್ಟಕ್ಕೂ, ಪರರ ಗೆಲುವಿನಲ್ಲಿ ಪಾಲಿಲ್ಲವೆಂದಾದರೆ ಪರರ ದುಃಖದಲ್ಲಿಯೂ ಪಾಲಿಲ್ಲವೆಂದಾಗುತ್ತದೆ. ಅಲ್ಲಿಗೆ ದಯೆಯ ಬುಡವೇ ಕಿತ್ತುಹೋಗುತ್ತದೆ.

ಹೀಗಿದ್ದರೂ ಈ ಹುಡುಗನಲ್ಲಿರುವುದೆಲ್ಲ ಮುದಿತೆಯೆಂದು ಹೇಳುವ ಧೈರ್ಯ ನಮಗಿಲ್ಲ. ಕನ್ನಡದಲ್ಲಿ ಇಂಥವರಿಗೆ ‘ಅಭಿಮಾನಿ’ ಎನ್ನುತ್ತೇವೆ. ಅಭಿಮಾನವೆಂಬುದು ಇಬ್ಬಗೆಯ ಪದ. ನಾಡಿನ ಅಭಿಮಾನ, ಭಾಷೆಯ ಅಭಿಮಾನ ಎಂದಾಗ ಅದು ಪ್ರೀತಿ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲಿ ಅದೇ ಪದ ಅಹಂಕಾರದ ಲಕ್ಷಣ. ತನ್ನದಲ್ಲದುದನ್ನು ತನ್ನದೆಂದು, ತಾನಲ್ಲದುದನ್ನು ತಾನೆಂದು ಅಂಟಿಸಿಕೊಳ್ಳುವ ವೃತ್ತಿಯದು. ಒಂದೇ ಪದ ಎರಡು ಅರ್ಥಗಳನ್ನು ಹೊತ್ತು ನಿಂತಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಪ್ರೀತಿಯಾಗಿ ಒಳಹೊಕ್ಕದ್ದು ಅಹಂಕಾರವಾಗಿ ಬಲಿಯುವುದು ಎಷ್ಟು ಹೊತ್ತಿನ ಕೆಲಸ! ಡಾ. ರಾಜಕುಮಾರರು ತಮ್ಮನ್ನು ಮೆಚ್ಚಿದ ಜನರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆಯುತ್ತಿದ್ದರು. ಅದು ಅವರ ವಿನಯ. ಆದರೆ 2006ರ ಏಪ್ರಿಲಿನಲ್ಲಿ ಅವರು ಲಿಂಗೈಕ್ಯರಾದಾಗ ಬೆಂಗಳೂರಿನ ಬೀದಿಗಳಲ್ಲಿ ಕಲ್ಲು ತೂರಿ ಬೆಂಕಿಯಿಟ್ಟವರೂ ತಮ್ಮನ್ನು ಅಭಿಮಾನಿಗಳೆಂದೇ ಕರೆದುಕೊಂಡರು.

ಕಾಶ್ಮೀರದ ಶೈವ ದಾರ್ಶನಿಕ ಅಭಿನವಗುಪ್ತನು ನಾಟಕ ನೋಡುವವನ ಮನಸ್ಸನ್ನು ವಿಶ್ಲೇಷಿಸಿದ ಬಗೆ ಇಲ್ಲಿ ನೆರವಿಗೆ ಬರುತ್ತದೆ. ರಂಗದ ಮೇಲಿನ ದುಃಖವನ್ನು ಪ್ರೇಕ್ಷಕನು ತನ್ನದೆಂದೂ ಅನುಭವಿಸಬಾರದು, ಪರರದೆಂದೂ ಬಿಟ್ಟುಬಿಡಬಾರದು. ಯಾರೊಬ್ಬರದೂ ಅಲ್ಲದ ಸಾಧಾರಣ ಸ್ಥಿತಿಯಲ್ಲಿ ಅದು ರಸವಾಗುತ್ತದೆ. ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಕುಳಿತಿರುವುದು ರಸಕ್ಕೆ ವಿಘ್ನವೆಂದು ಅವನು ಎಣಿಸುತ್ತಾನೆ. ಆಟವನ್ನು ನೋಡುವ ಅಭಿಮಾನಿಯ ಕಷ್ಟ ಇಲ್ಲಿಯೇ ಇದೆ. ಅವನು ಪೂರ್ತಿ ಸಹೃದಯನಾಗಲಾರ. ನಾಟಕದಲ್ಲಿ ರಾಮನು ಗೆಲ್ಲುವನೆಂಬುದು ಮೊದಲೇ ತಿಳಿದಿದೆ. ಆಟದಲ್ಲಿ ಕಡೆಯ ನಿಮಿಷದವರೆಗೂ ಏನೂ ತಿಳಿದಿಲ್ಲ. ನಾಟಕದಲ್ಲಿ ಸತ್ತವನು ಪರದೆಯ ಹಿಂದೆ ಎದ್ದು ಚಹಾ ಕುಡಿಯುತ್ತಾನೆ. ಆಟದಲ್ಲಿ ಮುರಿದ ಕಾಲು ನಿಜವಾಗಿಯೂ ಮುರಿಯುತ್ತದೆ. ಎರಡು ತಂಡಗಳ ಆಟವನ್ನೂ ಸಮನಾಗಿ ಮೆಚ್ಚುವ ಪ್ರೇಕ್ಷಕರು ಇದ್ದಾರೆ, ಅವರ ಸಂಸ್ಕಾರ ದೊಡ್ಡದು. ಆದರೆ ಅವರ ಹೊಟ್ಟೆಯಲ್ಲಿ ಆ ಹುಡುಗನ ಹೊಟ್ಟೆಯಲ್ಲಾಗುವ ತಳಮಳ ಆಗುವುದಿಲ್ಲ. ಯಾವುದೋ ಒಂದು ಕಡೆಗೆ ಒಲಿಯದೆ ಇದ್ದರೆ ಆಟದ ಅರ್ಧ ಕಾಣುವುದೇ ಇಲ್ಲ ಎಂದು ಅವನು ನಮಗೆ ಹೇಳಿದ. ಅದರಲ್ಲಿ ಸತ್ಯವಿದೆಯೆಂದು ನಮಗೂ ತೋರಿತು.

ಹಾಗಾದರೆ ‘ನಾವು’ ಎಂಬುದು ಯಾವಾಗ ಪ್ರೀತಿ, ಯಾವಾಗ ಅಹಂಕಾರ? ಇದನ್ನು ತೂಗಿ ನೋಡಲು ಒಂದು ತಕ್ಕಡಿ ಬೇಕು. 1976ರಲ್ಲಿ ರಾಬರ್ಟ್ ಚಾಲ್ದೀನಿ ಎಂಬ ಅಮೆರಿಕದ ಮನೋವಿಜ್ಞಾನಿಯೂ ಅವರ ಸಂಗಡಿಗರೂ ಪ್ರಕಟಿಸಿದ ಅಧ್ಯಯನವೊಂದಿದೆ. ವಿಶ್ವವಿದ್ಯಾಲಯಗಳ ತಂಡಗಳು ಆಡಿದ ವಾರದ ಮರುದಿನಗಳಲ್ಲಿ ವಿದ್ಯಾರ್ಥಿಗಳು ಏನು ತೊಡುತ್ತಾರೆ, ಏನು ಮಾತಾಡುತ್ತಾರೆ ಎಂಬುದನ್ನು ಅವರು ಗಮನಿಸಿದರು. (ಅದು ನಮ್ಮ ಕಾಲ್ಚೆಂಡಾಟವಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದಕ್ಕೆ ಅಮೆರಿಕದವರು ಫುಟ್‌ಬಾಲ್ ಎನ್ನುತ್ತಾರೆ. ಏಕೆಂಬುದನ್ನು ಅವರೇ ಹೇಳಬೇಕು.) ತಂಡ ಗೆದ್ದ ಮೇಲೆ ವಿಶ್ವವಿದ್ಯಾಲಯದ ಹೆಸರಿರುವ ಅಂಗಿ ತೊಟ್ಟು ಬಂದವರು ಹೆಚ್ಚು. ಗೆಲುವನ್ನು ವರ್ಣಿಸುವಾಗ ‘ನಾವು’ ಎಂದವರು ಹೆಚ್ಚು. ಸೋಲನ್ನು ವರ್ಣಿಸುವಾಗ ಆ ‘ನಾವು’ ಜಾರಿಹೋಗಿ ‘ಅವರು ಸೋತರು’ ಎಂಬ ಮಾತು ಬರುತ್ತಿತ್ತು. ಓದುಗರು ಈ ಪರೀಕ್ಷೆಯನ್ನು ಆಟದ ಹೊರಗೂ ಮಾಡಿ ನೋಡಬಹುದು. ಮಗ ಮೊದಲ ದರ್ಜೆಯಲ್ಲಿ ಪಾಸಾದರೆ ‘ನಮ್ಮ ಹುಡುಗ’, ನಪಾಸಾದರೆ ಹೆಂಡತಿಯ ಕಡೆ ತಿರುಗಿ ‘ನಿನ್ನ ಮಗ’ ಎನ್ನುವ ತಂದೆಯರು ನಮ್ಮ ಭಕ್ತಮಂಡಲಿಯಲ್ಲಿ ಇಲ್ಲವೆಂದು ನಾವು ಪ್ರಮಾಣ ಮಾಡಲಾರೆವು.

(‘ನಾವು’ ಎಂಬ ಪದವನ್ನು ಪರೀಕ್ಷಿಸುತ್ತ ನಾವೇ ಸಾಲುಸಾಲಿಗೂ ‘ನಾವು’ ಎಂದು ಬರೆಯುತ್ತಿರುವುದನ್ನು ಚತುರ ಓದುಗರು ಗಮನಿಸಿಯೇ ಇರುತ್ತಾರೆ. ಪೀಠದ ‘ನಾವು’ ವ್ಯಕ್ತಿಯದಲ್ಲ, ಪರಂಪರೆಯದು. ಆದರೂ ಅದನ್ನು ಬಳಸುವವನು ಆಗಾಗ ಇದೇ ತಕ್ಕಡಿಯಲ್ಲಿ ಕುಳಿತು ನೋಡಿಕೊಳ್ಳುವುದು ಒಳ್ಳೆಯದು.)

ಈ ತಕ್ಕಡಿಯಲ್ಲಿ ಭಾನುವಳ್ಳಿಯ ಹುಡುಗ ನಾವೆಣಿಸಿದುದಕ್ಕಿಂತ ಹೆಚ್ಚು ತೂಗಿದನೆಂದು ಹೇಳಲೇಬೇಕು. ಬಾರ್ಸಿಲೋನಾ ತಂಡ 2020ರ ಆಗಸ್ಟಿನಲ್ಲಿ ಬಯರ್ನ್ ಮ್ಯೂನಿಕ್‌ಗೆ 8-2ರಿಂದ ಸೋತಿತು. ಆ ಸೋಲನ್ನು ವರ್ಣಿಸುವಾಗ ಅವನು ಆಡಿದ ಮಾತು ‘ಎಂಟು ಗೋಲು ಹೊಡೆಸಿಕೊಂಡ್ವಿ’ ಎಂದು. ಅವನು ‘ಹೊಡೆಸಿಕೊಂಡರು’ ಎನ್ನಲಿಲ್ಲ. ಷಟ್‌ಸ್ಥಲದ ಮೊದಲ ಮೂರು ಸ್ಥಲಗಳಿಗೆ ಶ್ರದ್ಧೆ, ನಿಷ್ಠೆ, ಅವಧಾನಗಳೆಂಬ ಭಕ್ತಿಭೇದಗಳನ್ನು ಹೇಳಿದೆ. ಈ ಹುಡುಗನಲ್ಲಿ ಅವುಗಳ ಹಸಿ ಸಾಮಗ್ರಿಯಾದರೂ ಇದೆ. ತೊಂಬತ್ತು ನಿಮಿಷ ಕಣ್ಣು ಕದಲಿಸದೆ ಕೂರುವ ಅವಧಾನ ನಮ್ಮ ಪ್ರವಚನಗಳಲ್ಲಿ ಎಷ್ಟು ಜನಕ್ಕಿದೆ? ಬೇಸಿಗೆಯಲ್ಲಿ ಅವನ ತಂದೆಯವರು ತ್ರೀಫೇಸ್ ಕರೆಂಟಿಗಾಗಿ ರಾತ್ರಿ ಒಂದು ಗಂಟೆಗೆ ಎದ್ದು ಮೋಟಾರಿನ ಬಳಿಗೆ ಹೋಗುತ್ತಾರೆ. ಅದೇ ಹೊತ್ತಿನಲ್ಲಿ ಮಗ ಯೂರೋಪಿನ ಆಟಕ್ಕಾಗಿ ಎದ್ದಿರುತ್ತಾನೆ. ಒಂದೇ ಮನೆಯ ಎರಡು ಜಾಗರಣೆಗಳು. ಮೋಟಾರು ಹಾಕಿ ಬರುವ ಕೆಲಸವನ್ನು ಎಚ್ಚರವಾಗಿರುವ ಮಗನೇ ಏಕೆ ಮಾಡಬಾರದೆಂದು ನಾವು ಕೇಳಿದೆವು. ಅದು ಇಬ್ಬರಿಗೂ ಅದುವರೆಗೆ ಹೊಳೆದಿರಲಿಲ್ಲ.

ನಿಷ್ಠೆ ಒಳ್ಳೆಯದಾದರೂ ಅದು ಯಾವುದರ ಮೇಲೆ ನಿಂತಿದೆಯೆಂಬ ಪ್ರಶ್ನೆ ಉಳಿಯುತ್ತದೆ. ಆಟಗಾರನು ಮನುಷ್ಯ. ಅವನ ಮೊಣಕಾಲಿಗೆ ನೋವಿದೆ, ಅವನಿಗೆ ವಯಸ್ಸಾಗುತ್ತದೆ, ಹೆಚ್ಚು ಸಂಬಳ ಕೊಡುವ ಕಡೆಗೆ ಅವನು ಹೋಗುತ್ತಾನೆ. 2021ರ ಆಗಸ್ಟಿನಲ್ಲಿ ಮೆಸ್ಸಿಯೇ ಅಳುತ್ತ ಬಾರ್ಸಿಲೋನಾ ಬಿಟ್ಟು ಪ್ಯಾರಿಸಿಗೆ ಹೋದ. ಮನುಷ್ಯನನ್ನು ದೇವರೆಂದು ಕೂರಿಸಿದವರು ಅವನಿಗೆ ತಪ್ಪು ಮಾಡುವ ಹಕ್ಕನ್ನು ಕಿತ್ತುಕೊಳ್ಳುತ್ತಾರೆ. 1994ರ ವಿಶ್ವಕಪ್ಪಿನಲ್ಲಿ ಕೊಲಂಬಿಯಾದ ಆಂದ್ರೆಸ್ ಎಸ್ಕೋಬಾರ್ ಎಂಬ ಆಟಗಾರ, ಅಮೆರಿಕದ ಎದುರು ಜೂನ್ 22ರಂದು ಚೆಂಡನ್ನು ತಡೆಯಹೋಗಿ ತನ್ನ ಗೋಲಿನೊಳಕ್ಕೇ ತಳ್ಳಿದ. ತಂಡ ಸೋತು ಊರಿಗೆ ಮರಳಿತು. ಜುಲೈ 2ರಂದು ಅವನ ಸ್ವಂತ ಊರಾದ ಮೆಡೆಯಿನ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಅವನಿಗೆ ಇಪ್ಪತ್ತೇಳು ವರ್ಷ. ಅಡ್ಡ ಬಂದ ಒಂದು ಕಾಲಿಗಾಗಿ ಒಂದು ಪ್ರಾಣ! ಕೊಂದವರ ಹಿಂದೆ ಜೂಜಿನ ಹಣವಿತ್ತೆಂದು ಹೇಳುವವರೂ ಇದ್ದಾರೆ. ಹಣವಿರಲಿ, ಅಭಿಮಾನವಿರಲಿ, ಕೊಲ್ಲುವುದಕ್ಕೆ ಧೈರ್ಯ ಕೊಟ್ಟದ್ದು ಇಡೀ ದೇಶ ಅವನ ಮೇಲೆ ಕೋಪಗೊಂಡಿದೆಯೆಂಬ ನೆಪವೇ ಅಲ್ಲವೆ?

ದೂರದ ಮಾತಾಯಿತೆಂದು ಸಮಾಧಾನಪಡುವಂತಿಲ್ಲ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿ ಗ್ರಾಮದಲ್ಲಿ ಚಲನಚಿತ್ರ ನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟು ನಿಲ್ಲಿಸಲು ಹೋಗಿ ವಿದ್ಯುತ್ ತಂತಿ ತಗುಲಿ ಮೂವರು ಯುವಕರು ತೀರಿಕೊಂಡರು. 2025ರ ಜೂನ್ 3ರಂದು ಬೆಂಗಳೂರಿನ ಕ್ರಿಕೆಟ್ ತಂಡ ಹದಿನೆಂಟು ವರ್ಷ ಕಾದ ಕಪ್ಪನ್ನು ಅಹಮದಾಬಾದಿನಲ್ಲಿ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಬಹುಪಾಲು ಎಳೆಯ ವಯಸ್ಸಿನವರು. ಹೊರಗೆ ಹೆಣಗಳು ಬಿದ್ದ ಮೇಲೂ ಒಳಗೆ ಸನ್ಮಾನ ನಡೆಯಿತು. ಒಳಗಿದ್ದವರಿಗೆ ಸುದ್ದಿ ತಿಳಿದಿರಲಿಲ್ಲವೆಂಬ ವಿವರಣೆ ಅನಂತರ ಬಂದಿತು. ವ್ಯವಸ್ಥೆಯಲ್ಲಿ ತಪ್ಪಿದವರಾರೆಂಬುದನ್ನು ನ್ಯಾಯಾಲಯ ನೋಡಿಕೊಳ್ಳತಕ್ಕದ್ದು. ನಮ್ಮ ಪ್ರಶ್ನೆ ಮೇಲಿನ ತಕ್ಕಡಿಗೆ ಸಂಬಂಧಿಸಿದ್ದು. ಜೂನ್ 3ರ ರಾತ್ರಿ ನಾಡಿಗೆ ನಾಡೇ ‘ನಾವು ಗೆದ್ದೆವು’ ಎಂದಿತು. ಜೂನ್ 4ರ ಸಂಜೆಗೆ ‘ಅವರು ಅಲ್ಲಿಗೆ ಏಕೆ ಹೋಗಬೇಕಾಗಿತ್ತು?’ ಎಂಬ ಮಾತು ಕೇಳಿಬಂದಿತು. ಒಂದೇ ರಾತ್ರಿಯಲ್ಲಿ ‘ನಾವು’ ಹೋಗಿ ‘ಅವರು’ ಬಂದರು. ಆ ಹನ್ನೊಂದು ಮಕ್ಕಳು ನಮ್ಮ ಗೆಲುವಿನಲ್ಲಿ ಪಾಲುದಾರರಾಗಿದ್ದರೆ, ಅವರ ಸಾವಿನಲ್ಲಿ ನಾವು ಪಾಲುದಾರರಾಗದೆ ಇರಲು ಬರುವುದಿಲ್ಲ. ಈ ಮಾತು ಕಹಿಯಾದರೂ ಆಡದೆ ಇರಲಾಗಲಿಲ್ಲ.

ನೋಡುವವರ ವಿಚಾರ ಇಷ್ಟಾಯಿತು. ಆಡುವವರ ಮಾತೇನು? ಸ್ವಾಮಿ ವಿವೇಕಾನಂದರು ಮದರಾಸಿನ ಭಾಷಣವೊಂದರಲ್ಲಿ, ಗೀತೆಯ ಅಧ್ಯಯನಕ್ಕಿಂತ ಫುಟ್‌ಬಾಲು ಯುವಕರನ್ನು ಸ್ವರ್ಗಕ್ಕೆ ಹತ್ತಿರ ಒಯ್ಯುವುದೆಂಬ ಅರ್ಥದ ಮಾತನ್ನಾಡಿದುದು ಪ್ರಸಿದ್ಧವಾಗಿದೆ. ಆ ಮಾತನ್ನು ಉದ್ಧರಿಸುವವರು ಬಹುಮಂದಿ. ಅದು ಆಡುವವರನ್ನು ಕುರಿತದ್ದೇ ಹೊರತು ನೋಡುವವರನ್ನು ಕುರಿತದ್ದಲ್ಲ ಎಂಬುದನ್ನು ಗಮನಿಸುವವರು ಕಡಿಮೆ. ತೋಳು ಗಟ್ಟಿಯಾದರೆ ಗೀತೆ ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆಂಬುದು ಅವರ ಅಭಿಪ್ರಾಯ. ಮೊಬೈಲ್ ಹಿಡಿದ ಬೆರಳು ಗಟ್ಟಿಯಾದರೆ ಏನು ತಿಳಿಯುತ್ತದೆಯೋ ಅರಿಯೆವು. “ಊರಲ್ಲಿ ಹುಡುಗರನ್ನ ಕೂಡಿಸಿ ನೀನೇ ಆಡಿಸಬಾರದೇನಪ್ಪಾ?” ಎಂದು ನಾವು ಕೇಳಿದಾಗ, “ಎಲ್ರೂ ಕ್ರಿಕೆಟ್ ಆಡ್ತಾರೆ ಬುದ್ಧೀ, ನನ್ನ ಕೂಡ ಯಾರು ಬರ್ತಾರೆ?” ಎಂದ. ಆ ಮಾತಿನಲ್ಲಿ ನಿಜವೂ ಇತ್ತು, ಸ್ವಲ್ಪ ಸೋಮಾರಿತನವೂ ಇತ್ತು.

ಮತ್ತೊಂದನ್ನು ಕೇಳಿದೆವು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ನಡೆದ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ತಂಡ ಗೆದ್ದುದು ಗೊತ್ತೇ ಎಂದು. ಅವನಿಗೆ ಗೊತ್ತಿರಲಿಲ್ಲ. ಮೈಸೂರು ರಾಜ್ಯವೆಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ 54 ವರ್ಷಗಳಿಗೆ ಬಂದ ಪ್ರಶಸ್ತಿಯದು. ಅರ್ಜೆಂಟೀನಾ ಕಾದುದು 36 ವರ್ಷ. ನಾವು ಕಾದುದು ಅದಕ್ಕಿಂತ ಹದಿನೆಂಟು ವರ್ಷ ಹೆಚ್ಚು. ಆ ದಿನ ಯಾವ ಊರಿನಲ್ಲಿಯೂ ಪಟಾಕಿ ಸಿಡಿದ ಸುದ್ದಿ ನಮ್ಮ ಕಿವಿಗೆ ಬೀಳಲಿಲ್ಲ. ಸ್ವತಂತ್ರ ಭಾರತ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸನ್ನು ಎದುರಿಸಿದಾಗ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಭಾರತದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನರೂ ಬೆಂಗಳೂರಿನವರೇ. ಎರಡು ಪೆನಾಲ್ಟಿಗಳನ್ನು ಕೈಬಿಟ್ಟು 2-1ರಿಂದ ಸೋತ ಆ ಪಂದ್ಯದ ಕಥೆಯನ್ನು ಹೇಳಿದಾಗ ಹುಡುಗನ ಕಣ್ಣು ಅರಳಿತು. “ಇದನ್ನ ಯಾರೂ ಹೇಳೇ ಇಲ್ಲ ಬುದ್ಧೀ” ಎಂದ. ಹೇಳಬೇಕಾದವರು ಯಾರು? ಆ ತಪ್ಪನ್ನು ಹುಡುಗನ ತಲೆಗೆ ಕಟ್ಟಲಾಗದು.

ದೂರದವರನ್ನು ಪ್ರೀತಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ದೂರದ ಪ್ರೀತಿಗೆ ಒಂದು ಸೌಕರ್ಯವಿದೆ: ಅದು ನಮ್ಮಿಂದ ಏನನ್ನೂ ಬೇಡುವುದಿಲ್ಲ. ಬಾರ್ಸಿಲೋನಾ ತಂಡವು ಭಾನುವಳ್ಳಿಯ ಹುಡುಗನನ್ನು ಬೆಳಗಿನ ಆರಕ್ಕೆ ಬಂದು ಮೈದಾನದಲ್ಲಿ ಸುಣ್ಣದ ಪುಡಿಯ ಗೆರೆ ಎಳೆಯೆಂದು ಕೇಳುವುದಿಲ್ಲ. ಬಿದ್ದ ಹುಡುಗನ ಮೊಣಕಾಲು ತೊಳೆಯೆಂದು ಕೇಳುವುದಿಲ್ಲ. ಹತ್ತಿರದ್ದು ಕೇಳುತ್ತದೆ. ದಾಸೋಹವೆಂಬುದು ಹತ್ತಿರದಲ್ಲಿಯೇ ಸಾಧ್ಯ. ಆದರೂ ದೂರದ ಅಭಿಮಾನಕ್ಕೂ ದಾಸೋಹದ ದಾರಿಯೊಂದನ್ನು ಜಪಾನಿನವರು ತೋರಿಸಿದ್ದಾರೆ. ಪಂದ್ಯ ಮುಗಿದ ಮೇಲೆ ಚೀಲ ಹಿಡಿದು ಆಸನಗಳ ನಡುವಿನ ಕಸವನ್ನು ಆಯ್ದು ಹೋಗುವುದು ಅವರ ಅಭಿಮಾನಿಗಳ ರೂಢಿ. 2018ರ ವಿಶ್ವಕಪ್ಪಿನಲ್ಲಿ ಬೆಲ್ಜಿಯಂ ಎದುರು ಎರಡು ಗೋಲು ಮುಂದಿದ್ದೂ ಕಡೆಯ ಕ್ಷಣದಲ್ಲಿ 3-2ರಿಂದ ಸೋತ ರಾತ್ರಿಯೂ ಅವರು ಕಸ ಆಯ್ದರು. ಅದು ರಷ್ಯಾದ ಕ್ರೀಡಾಂಗಣ, ಕಸದಲ್ಲಿ ಬೆಲ್ಜಿಯಮಿನವರದೂ ಇದ್ದಿರಬೇಕು.

ಇದಕ್ಕೆ ವಿರುದ್ಧವಾದ ಚಿತ್ರವನ್ನು 2025ರ ಡಿಸೆಂಬರ್ 13ರಂದು ಕೋಲ್ಕತ್ತೆಯಲ್ಲಿ ಕಂಡೆವು. ಮೆಸ್ಸಿ ಬಂದಾಗ ಸಾವಿರಾರು ರೂಪಾಯಿ ತೆತ್ತು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಸೇರಿದ್ದ ಜನಕ್ಕೆ, ಗಣ್ಯರ ಗುಂಪು ಅವನನ್ನು ಮುತ್ತಿಕೊಂಡುದರಿಂದ ದರ್ಶನವೇ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಹೊರಟುಹೋದ. ಜನ ಕುರ್ಚಿ ಕಿತ್ತೆಸೆದರು. ದೇವರನ್ನು ಅಡ್ಡಗಟ್ಟಿ ನಿಲ್ಲುವ ಪೂಜಾರಿಗಳ ಹಾವಳಿ ದೇವಸ್ಥಾನಗಳಿಗೆ ಮಾತ್ರ ಸೀಮಿತವಲ್ಲವೆಂದು ಆ ಸುದ್ದಿ ಓದಿ ನಮಗೆ ಅನಿಸಿತು.

ಇನ್ನು ಎದುರಾಳಿಯ ವಿಚಾರ. ಹುಡುಗನು ತನ್ನ ಬೀದಿಯ ಗೆಳೆಯನೊಂದಿಗೆ ಮಾತು ಬಿಟ್ಟಿದ್ದನೆಂದು ಹೇಳಿದೆವಷ್ಟೆ. ಭಾನುವಳ್ಳಿಯವರಿಗೆ ಹರಿಹರ ದೂರದ್ದಲ್ಲ. ಅಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯಿದೆ. ಒಂದೇ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ನಮ್ಮದು ಇಷ್ಟಲಿಂಗನಿಷ್ಠೆಯ ದಾರಿ, ಸ್ಥಾವರದ ವಿಚಾರ ಇಲ್ಲಿ ಬೇಡ. ಆದರೆ ಹರನ ಭಕ್ತರೂ ಹರಿಯ ಭಕ್ತರೂ ಬಡಿದಾಡುತ್ತಿದ್ದ ನಾಡಿನಲ್ಲಿ ಒಬ್ಬ ದಂಡನಾಯಕ, ಅಂದರೆ ಬಡಿದಾಟವೇ ಕಸುಬಾದವನು, ಅಂಥ ಮೂರ್ತಿಗೆ ಗುಡಿ ಕಟ್ಟಿಸಿದನೆಂಬುದು ಯೋಚಿಸತಕ್ಕ ಸಂಗತಿ. ಎದುರಾಳಿ ಇಲ್ಲದಿದ್ದರೆ ಯುದ್ಧ ನಿಲ್ಲುತ್ತದೆ, ಅದು ಲಾಭ. ಎದುರಾಳಿ ಇಲ್ಲದಿದ್ದರೆ ಆಟ ನಿಲ್ಲುತ್ತದೆ, ಅದು ನಷ್ಟ. ರಿಯಲ್ ಮ್ಯಾಡ್ರಿಡ್ ಇಲ್ಲದ ಬಾರ್ಸಿಲೋನಾವನ್ನು ಈ ಹುಡುಗ ಅರ್ಧದಷ್ಟೂ ಪ್ರೀತಿಸುತ್ತಿರಲಿಲ್ಲ. ಹಾಗಿದ್ದ ಮೇಲೆ ಆ ಗೆಳೆಯನಿಗೆ ಇವನು ಋಣಿ. ಇದನ್ನು ಅವನಿಗೆ ಹೇಳಿದಾಗ ಒಪ್ಪಿದನೋ ಇಲ್ಲವೋ, ತಲೆಯನ್ನಂತೂ ಆಡಿಸಿದ.

ಕೋಲ್ಕತ್ತೆಯ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳ ಅಭಿಮಾನಿಗಳಷ್ಟು ಹಳೆಯ ಎದುರಾಳಿಗಳು ನಮ್ಮ ದೇಶದಲ್ಲಿ ಬೇರೆ ಇಲ್ಲ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಈ ಎರಡು ತಂಡಗಳು ಆಡುತ್ತಿದ್ದಾಗ ಅಭಿಮಾನಿಗಳ ನಡುವೆ ಜಗಳವೆದ್ದು, ಕಾಲ್ತುಳಿತಕ್ಕೆ ಸಿಕ್ಕಿ ಹದಿನಾರು ಜನ ಪ್ರಾಣ ಬಿಟ್ಟರು. ಅಲ್ಲಿಯ ಫುಟ್‌ಬಾಲ್ ಸಂಸ್ಥೆಯವರು ಆ ದಿನದ ನೆನಪಿಗೆ ರಕ್ತದಾನ ಮಾಡಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ನಲವತ್ತನಾಲ್ಕು ವರ್ಷಗಳ ಮೇಲೆ, 2024ರ ಆಗಸ್ಟ್ 18ರಂದು, ಡ್ಯುರಾಂಡ್ ಕಪ್ಪಿನಲ್ಲಿ ಅವೇ ಎರಡು ತಂಡಗಳು ಸೆಣಸಬೇಕಾಗಿತ್ತು. ಆ ತಿಂಗಳು ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಕರ್ತವ್ಯದಲ್ಲಿದ್ದ ತರುಣ ವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಕೊಂದಿದ್ದರು. ನಗರವೆಲ್ಲ ಕುದಿಯುತ್ತಿತ್ತು. ಬಂದೋಬಸ್ತಿನ ಕಾರಣ ಹೇಳಿ ಪಂದ್ಯವನ್ನು ರದ್ದು ಮಾಡಿದರು. ಪಂದ್ಯವಿಲ್ಲದ ಕ್ರೀಡಾಂಗಣದ ಹೊರಗೆ ಹಸಿರು-ಕಂದು ಬಣ್ಣದವರೂ ಕೆಂಪು-ಹಳದಿ ಬಣ್ಣದವರೂ ತಮ್ಮ ತಮ್ಮ ಬಾವುಟಗಳನ್ನು ಹಿಡಿದು ಒಟ್ಟಾಗಿ ನಿಂತು, ಗುರುತಿಲ್ಲದ ಆ ಹೆಣ್ಣುಮಗಳಿಗೆ ನ್ಯಾಯ ಬೇಕೆಂದು ಕೂಗಿದರು. ಪೊಲೀಸರು ಲಾಠಿ ಬೀಸಿದಾಗ ಎರಡು ಬಣ್ಣದ ಅಂಗಿಯವರಿಗೂ ಏಟು ಬಿತ್ತು.